ಕೈ ಅಂದಾಜು

ಬದರಿನಾಥರ ಮಣ್ಣು ಪರೀಕ್ಷೆಯ ಲ್ಯಾಬಿನಲ್ಲಿ, ಓವನ್ನಿನ ಪಕ್ಕದ ಗೋಡೆಯ ಮೇಲೆ ಒಂದು ಕರಿಹಲಗೆ ಇತ್ತು. ಮೂವತ್ತು ವರ್ಷದ ಕೆಳಗೆ ಚೆನ್ನೈನ ಗಿಂಡಿ ಕೈಗಾರಿಕಾ ಎಸ್ಟೇಟಿನಲ್ಲಿ ಈ ಷೆಡ್ಡು ಹಿಡಿದಾಗ ಅವರೇ ಹಾಕಿದ್ದು. ಕಟ್ಟಡ ಕಟ್ಟುವ ಮುಂಚೆ ನೆಲ ಕೊರೆದು ತೆಗೆದ ಮಣ್ಣು ಅಲ್ಲಿಗೆ ಬರುತ್ತಿತ್ತು. ಅದರಲ್ಲಿ ನೀರೆಷ್ಟಿದೆ ಎಂದು ತಿಳಿಯಲು ತೂಕ ಹಾಕಿ, ಒಂದು ಇಡೀ ದಿನ ಓವನ್ನಿನಲ್ಲಿ ಒಣಗಿಸಿ, ಮತ್ತೆ ತೂಗುತ್ತಿದ್ದರು. ಇದು ಎಲ್ಲ ಲ್ಯಾಬಿನಲ್ಲೂ ಇರುವುದೇ. ಬದರಿನಾಥರ ಲ್ಯಾಬಿನಲ್ಲಿ ಮಾತ್ರ, ಮಣ್ಣು ಓವನ್ನಿಗೆ ಹೋಗುವ ಮೊದಲು ಅಲ್ಲಿದ್ದವರು ಅದನ್ನು ಬೆರಳಲ್ಲಿ ಹಿಸುಕಿ ನೋಡಿ, ನೀರು ನೂರಕ್ಕೆ ಇಷ್ಟು ಎಂದು ಹಲಗೆಯ ಮೇಲೆ ಬರೆಯಬೇಕಿತ್ತು. ಅದಕ್ಕೆ ಅವರಿಟ್ಟ ಹೆಸರು ಕೈ ಅಂದಾಜು. ಮಾರನೆಯ ದಿನ ಓವನ್ನಿನ ಅಂಕಿ ಬಂದಾಗ ಯಾರದು ಹತ್ತಿರವೋ ಅವರ ಹೆಸರಿನ ಸುತ್ತ ಸೀಮೆಸುಣ್ಣದಲ್ಲಿ ಒಂದು ಸುತ್ತು ಎಳೆಯುತ್ತಿದ್ದರು. ಬಹುಮಾನವೇನೂ ಇಲ್ಲ.

ಆ ಒಂದು ಸುತ್ತಿಗಾಗಿ ವಂದನಾ ಆರು ವರ್ಷದಿಂದ ಬದುಕಿದ್ದಳು ಎಂದರೆ ಹೆಚ್ಚು ಹೇಳಿದಂತಾಗುತ್ತದೇನೋ. ಬಹಳ ಹೆಚ್ಚೇನೂ ಆಗುವುದಿಲ್ಲ.

ಗಂಡ ಶ್ರೀನಾಥನಿಗೆ ಚೆನ್ನೈಗೆ ವರ್ಗವಾದಾಗ ಅವಳು ಗುಬ್ಬಿ ಕಡೆಯಿಂದ ಬಂದವಳು. ತುಮಕೂರಿನ ಸಂಜೆ ಕಾಲೇಜಿನಲ್ಲಿ ಮಾಡಿದ ಡಿಪ್ಲೊಮಾ ಕೈಯಲ್ಲಿತ್ತು. ಹಗಲು ಕಾಲೇಜಿನಲ್ಲಿ ಓದಿದವರ ಎದುರು ಕೂತು ಇಂಟರ್‌ವ್ಯೂ ಕೊಡುವಾಗ ಆ ಕಾಗದ ಸಾಲದು ಎನ್ನಿಸಿ ಅವಳು ಒಂದು ಮಾತು ಸೇರಿಸಿದ್ದಳು. "ನಮ್ಮಪ್ಪ ಮಣ್ಣು ಬಾಯಿಗೆ ಹಾಕ್ಕೊಂಡು, ಇದಕ್ಕೆ ರಾಗಿ ಆಗ್ತದೆ, ಇದಕ್ಕೆ ಆಗಲ್ಲ ಅಂತ ಹೇಳೋರು ಸಾರ್. ನಂಗೂ ಕಲ್ಸಿದ್ದಾರೆ." ಬದರಿನಾಥರು ಕನ್ನಡಕ ತೆಗೆದು ಅವಳನ್ನು ನೋಡಿದ್ದರು. "ಅಪ್ಪಾಡಾ! ಇಂಥವಳನ್ನೇ ನಾನು ಹುಡುಕ್ತಾ ಇದ್ದಿದ್ದು ಕಣಮ್ಮಾ" ಎಂದಿದ್ದರು.

ಮೊದಲನೆಯ ಮಾತು ನಿಜ. ಎರಡನೆಯದು ಸುಳ್ಳು. ಅಪ್ಪ ಹನುಮಂತಯ್ಯ ಕಲಿಸಿದ್ದು ತಮ್ಮ ಸಂತೋಷನಿಗೆ. ಹೊಲದ ನಡುವೆ ಅವನನ್ನು ತೊಡೆಯ ಮೇಲೆ ಕೂರಿಸಿಕೊಂಡು ಚಿಟಿಕೆ ಮಣ್ಣು ಬಾಯಿಗಿಡುತ್ತಿದ್ದರು. ಸಂತೋಷ ಉಗಿದು ಅಳುತ್ತಿದ್ದ. ವಂದನಾ ಮಜ್ಜಿಗೆ ಚೆಂಬು ಹಿಡಿದು ಬದುವಿನ ಮೇಲೆ ನಿಂತು ನೋಡುತ್ತಿದ್ದಳು. ಒಂದು ಸಲ ತಾನೂ ಬಾಯಿ ತೆರೆದು ಹತ್ತಿರ ಹೋಗಿದ್ದಕ್ಕೆ ಅಮ್ಮ ಕರಿಯಮ್ಮ, "ಹೆಣ್ಣುಮಗ ಮಣ್ಣು ತಿನ್ನೋದು ಕಲಿತ್ರೆ ಬಿಡಿಸೋರ್ಯಾರು" ಎಂದು ಕೈ ಹಿಡಿದು ಎಳೆದಿದ್ದಳು. ಸಂತೋಷನದು ಈಗ ಗುಬ್ಬಿಯಲ್ಲಿ ಮೊಬೈಲ್ ಅಂಗಡಿ.

ಹಾಗಾಗಿ ವಂದನಾ ಕಲಿತದ್ದೆಲ್ಲ ಈ ಲ್ಯಾಬಿನಲ್ಲೇ. ಓವನ್ನಿನ ಉತ್ತರ ಬಂದ ಮೇಲೆ, ಯಾರೂ ಇಲ್ಲದ ಹೊತ್ತಿನಲ್ಲಿ, ಉಳಿದ ಮಣ್ಣನ್ನು ಮತ್ತೆ ಮತ್ತೆ ಮುಟ್ಟಿ, ಇದು ಇಪ್ಪತ್ತೆರಡು, ಇದು ಮೂವತ್ತು ಎಂದು ಮಗ್ಗಿಯಂತೆ ಬಾಯಿಪಾಠ ಮಾಡಿದ್ದಳು. ಎರಡು ವರ್ಷದಲ್ಲಿ ಹಲಗೆಯ ಸುತ್ತುಗಳೆಲ್ಲ ಅವಳವಾದವು. "ಕೈ ಅಂದ್ರೆ ವಂದನಾ ಕೈ" ಎಂದು ಬದರಿನಾಥರು ಬಂದವರಿಗೆಲ್ಲ ಹೇಳುತ್ತಿದ್ದರು. ಹಾಗೆ ಹೇಳಿದಾಗಲೆಲ್ಲ ಅವಳಿಗೆ ಅಪ್ಪನ ತೊಡೆಯ ಮೇಲೆ ಕೂತಂತಾಗುತ್ತಿತ್ತು.

ಜನವರಿಯಲ್ಲಿ ಶ್ರೀಪ್ರಿಯಾ ಬಂದಳು.

ಇಪ್ಪತ್ನಾಲ್ಕರ ಹುಡುಗಿ. ಮನೆ ಕೀಲ್ಪಾಕಿನ ಒಂದು ಫ್ಲ್ಯಾಟಿನ ಮೂರನೆಯ ಮಹಡಿಯಲ್ಲಿ. ನಾಲ್ಕು ತಲೆಮಾರಿನಿಂದ ಮದ್ರಾಸಿನಲ್ಲೇ ಇದ್ದ ಮಾಧ್ವರ ಮನೆತನ. ಅಜ್ಜ ಗುಮಾಸ್ತೆ, ಅಪ್ಪ ಆಡಿಟರು. ಮೊದಲನೆಯ ದಿನ ಬದರಿನಾಥರು ಅವಳ ಕೈಗೆ ಒಂದು ಉಂಡೆ ಮಣ್ಣು ಕೊಟ್ಟರು. ಅವಳು ಕಣ್ಣು ಮುಚ್ಚಿ, ಮಗುವಿನ ಕೆನ್ನೆ ಹಿಡಿಯುವಂತೆ ಅದನ್ನು ಹಿಡಿದು, ಇಪ್ಪತ್ತೇಳು ಎಂದು ಬರೆದಳು. ವಂದನಾ ಬರೆದದ್ದು ಇಪ್ಪತ್ತೈದು. ಓವನ್ನು ಇಪ್ಪತ್ತೇಳೂಕಾಲು ಎಂದಿತು.

"ಎಲ್ಲಿ ಕಲಿತ್ಯಮ್ಮ?" ವಂದನಾ ನಗುತ್ತಲೇ ಕೇಳಿದಳು.

"ಕಲೀಲಿಲ್ಲೆ ಅಕ್ಕಾ. ಚಿಕ್ಕವಳಿದ್ದಾಗ ತಿಂತಿದ್ದೆ."

"ಏನನ್ನ?"

"ಮಣ್ಣೇ! ತುಳಸಿ ಕುಂಡದಲ್ಲಿ ಕೈ ಹಾಕಿ. ನಮ್ಮ ಪಾಟಿ, ಅಜ್ಜಿ, ಸೌಟಲ್ಲೇ ಕೊಡೋರು ಏಟು. ಹುಳದ ಮಾತ್ರೆ ಬರೆದೂ ಬರೆದೂ ಡಾಕ್ಟರಿಗೇ ಬೋರ್ ಅಡಿಚಿ ಹೋಯ್ತು."

ಲ್ಯಾಬಿನವರೆಲ್ಲ ನಕ್ಕರು. ವಂದನಾಳೂ ನಕ್ಕಳು. ನಕ್ಕು ಮುಗಿದ ಮೇಲೆ, ಎದೆಗಿಂತ ಸ್ವಲ್ಪ ಕೆಳಗೆ, ಒಂದು ಕಿಡಿ ಬಿದ್ದ ಹಾಗೆ ಆಯಿತು. ಹೊಲವಿದ್ದ ಮನೆಯಲ್ಲಿ ಹುಟ್ಟಿದವಳು ತಾನು. ತನ್ನ ಬಾಯಿಗೆ ಬೀಳದ ಮಣ್ಣು ಮೂರನೆಯ ಮಹಡಿಯ ಈ ಹುಡುಗಿಗೆ ಹೇಗೆ ಸಿಕ್ಕಿತು? ಅದೂ ಯಾರೂ ಕೊಡದೆ?

ಅಲ್ಲಿಂದ ಮುಂದೆ ಅವಳ ಪ್ರತಿಯೊಂದೂ ವಂದನಾಳ ಕಣ್ಣಿಗೆ ಚುಚ್ಚತೊಡಗಿತು. ಶ್ರೀಪ್ರಿಯಾ ಪರೀಕ್ಷೆ ಮುಗಿದ ಮಣ್ಣನ್ನು ಎಸೆಯಲು ಬಿಡುತ್ತಿರಲಿಲ್ಲ. ಒಂದೊಂದು ಹಿಡಿಯನ್ನು ಕವರಿನಲ್ಲಿ ಕಟ್ಟಿಕೊಂಡು ಮನೆಗೆ ಒಯ್ಯುತ್ತಿದ್ದಳು. "ನಮ್ಮ ಕುಂಡದಲ್ಲಿ ಈಗ ಇಡೀ ಮದ್ರಾಸೇ ಇದೆ ಅಕ್ಕಾ. ಎಣ್ಣೂರು ಕೆಳಗೆ, ತಾಂಬರಂ ಮೇಲೆ. ತುಳಸಿ ನೋಡ್ಬೇಕು ನೀವು, ನನ್ನ ಸೊಂಟಕ್ಕೆ ಬಂದಿದ್ದಾಳೆ." ಆರು ವರ್ಷದಿಂದ ಅದೇ ಮಣ್ಣನ್ನು ಮೂಟೆಗಟ್ಟಿ ಲಾರಿಗೆ ಹಾಕಿಸಿದ ವಂದನಾಳಿಗೆ ಅದು ಒಂದು ದಿನವೂ ಹೊಳೆದಿರಲಿಲ್ಲ. ಹೊಳೆಯಲಿಲ್ಲವಲ್ಲ ಎಂಬುದೇ ಅವಳನ್ನು ಸುಡುತ್ತಿತ್ತು.

ಮತ್ತೊಂದು ದಿನ ಚಹಾ ಹೊತ್ತಿನಲ್ಲಿ ಶ್ರೀಪ್ರಿಯಾ, ತಾನು ಬೆಳಿಗ್ಗೆ ಮಂಚದಿಂದ ಕಾಲು ಕೆಳಗಿಡುವ ಮುಂಚೆ ಭೂಮಿಗೆ ಕ್ಷಮೆ ಕೇಳುತ್ತೇನೆ, ಪಾಟಿ ಹೇಳಿಕೊಟ್ಟದ್ದು ಎಂದಳು.

"ಮೂರನೇ ಮಹಡೀಲಿ ಎಲ್ಲಮ್ಮ ಭೂಮಿ?" ವಂದನಾ ಕುಟುಕಿದಳು. "ಕೆಳಗಡೆ ಮನೆಯೋರ ಫ್ಯಾನಿಗೆ ಕೈ ಮುಗ್ದಂಗಾಯ್ತು."

"ಸುಮ್ನೆ ಕಿಂಡಲ್ ಮಾಡ್ಬೇಡಿ ಅಕ್ಕಾ. ಫ್ಯಾನಿಗೂ ಕೆಳಗೆ, ಇನ್ನೂ ಕೆಳಗೆ, ಇದ್ದಾಳಲ್ಲಾ. ಅವಳಿಗೆ ಕೇಳ್ಸುತ್ತೆ."

ಇದನ್ನು ಹುಡುಗಿ ಯಾವ ಜಂಭವೂ ಇಲ್ಲದೆ, ಬಸ್ಸು ಎಷ್ಟು ಗಂಟೆಗೆ ಬರುತ್ತದೆ ಎಂದು ಹೇಳುವ ಹಾಗೆ ಹೇಳಿದಳು. ಜಂಭವಿದ್ದಿದ್ದರೆ ವಂದನಾ ತಡೆದುಕೊಳ್ಳುತ್ತಿದ್ದಳು.

ಯುಗಾದಿಯ ಹೊತ್ತಿಗೆ ಹಲಗೆಯ ಮೇಲೆ ವಂದನಾಳ ಹೆಸರಿನ ಸುತ್ತ ವಾರಕ್ಕೊಂದು ಸುತ್ತು ಬಿದ್ದರೆ ಹೆಚ್ಚು. ಯಾರೂ ಏನೂ ಅನ್ನಲಿಲ್ಲ. ಸಂಬಳ ಅಷ್ಟೇ ಇತ್ತು, ಕುರ್ಚಿ ಅದೇ ಇತ್ತು. "ವಂದನಾ ಕೈ" ಎಂಬ ಮಾತು ಮಾತ್ರ ಬದರಿನಾಥರ ಬಾಯಲ್ಲಿ ಬರುವುದು ನಿಂತಿತು.

ಆಮೇಲೆ ಮಾಧವರಂ ಕೆಲಸ ಬಂತು. ಹಾಲಿನ ಡೈರಿಯಿಂದ ಒಳಗೆ ಒಂದು ಖಾಲಿ ಜಾಗದಲ್ಲಿ ನಾಲ್ಕು ಅಂತಸ್ತಿನ ಫ್ಲ್ಯಾಟು ಕಟ್ಟುವವರಿದ್ದರು. ವಂದನಾಳ ಮನೆಗೆ ಎರಡೇ ಬೀದಿ. ನೆಲ ಕೊರೆಯುವ ದಿನ ಬದರಿನಾಥರು ತಮ್ಮ ಜೊತೆ ಒಬ್ಬರನ್ನು ಕರೆದೊಯ್ಯುವ ರೂಢಿ. ಮಣ್ಣು ಮೇಲೆ ಬಂದ ಕ್ಷಣವೇ ಮುಟ್ಟಿ ಹೇಳಬಲ್ಲವರನ್ನು. ನಾಲ್ಕು ವರ್ಷದಿಂದ ಆ ಒಬ್ಬರು ಎಂದರೆ ವಂದನಾ.

"ಈ ಸಲ ಶ್ರೀಪ್ರಿಯಾ ಬರ್ಲಿ" ಎಂದರು ಬದರಿನಾಥರು.

"ಸಾರ್, ಮಾಧವರಂ ನಮ್ಮ ಏರಿಯಾ."

"ಅದಕ್ಕೇನಮ್ಮಾ, ನೀನು ದಿನಾ ನೋಡಿರ್ತೀ. ಅವಳು ನೋಡ್ಲಿ. ಏನು, ಕೋಪವಾ?"

"ಅಯ್ಯೋ ಇಲ್ಲ ಸಾರ್" ಎಂದಳು ವಂದನಾ.

ಬುಧವಾರ ಸಂಜೆ ಬಸ್ಸಿಳಿದವಳು ಮನೆಗೆ ಹೋಗದೆ ಆ ಜಾಗದ ಎದುರಿನ ಟೀ ಅಂಗಡಿಯ ಮರೆಯಲ್ಲಿ ನಿಂತಳು. ನೆಲ ಕೊರೆಯುವ ಯಂತ್ರ ನಿಂತಿತ್ತು. ಶ್ರೀಪ್ರಿಯಾ ದುಪ್ಪಟ್ಟಾ ಸೊಂಟಕ್ಕೆ ಬಿಗಿದು, ಮೊಣಕಾಲೂರಿ, ಮೊಣಕೈವರೆಗೂ ಕೆಸರಾಗಿ, ಬೂದುಬಣ್ಣದ ಒದ್ದೆ ಮಣ್ಣನ್ನು ಎರಡೂ ಕೈಯಲ್ಲಿ ಹಿಡಿದು ಏನೋ ಹೇಳುತ್ತಿದ್ದಳು. ನೆಲ ಕೊರೆಯುವ ನಾಲ್ವರು ಗಂಡಸರು, ಬದರಿನಾಥರು, ಎಲ್ಲ ತೀರ್ಥಕ್ಕೆ ನಿಂತವರ ಹಾಗೆ ಬಗ್ಗಿ ಕೇಳುತ್ತಿದ್ದರು. ವಂದನಾಳಿಗೆ ತನ್ನ ಕೈ ಖಾಲಿ ಎನ್ನಿಸಿತು. ತರಕಾರಿ ಚೀಲವಿದ್ದರೂ ಖಾಲಿ ಎನ್ನಿಸಿತು.

ಮನೆಯಲ್ಲಿ ಅವಳ ಮುಖ ನೋಡಿ ಶ್ರೀನಾಥ ಕೆದಕಿ ಕೆದಕಿ ವಿಷಯ ತೆಗೆದ. ತೆಗೆದು ನಕ್ಕುಬಿಟ್ಟ. "ಅಲ್ಲ ಕಣೇ, ಸೀರೆಗೆ ಹೊಟ್ಟೆ ಉರ್ಕೋ, ಒಡವೆಗೆ ಉರ್ಕೋ, ಅರ್ಥ ಇದೆ. ಮಣ್ಣಿಗೆ ಯಾರಾದ್ರೂ ಹೊಟ್ಟೆ ಉರ್ಕೋತಾರಾ?"

ಸವತಿ ಎಂಬ ಶಬ್ದ ವಂದನಾಳ ಬಾಯಿಗೆ ಬಂದಿತ್ತು, ನುಂಗಿಕೊಂಡಳು.

ಗುರುವಾರ ಬೆಳಿಗ್ಗೆ ಮಾಧವರಂ ಮಣ್ಣು ಲ್ಯಾಬಿಗೆ ಬಂತು, ಮೇಣ ಸುರಿದು ಬಾಯಿ ಮುಚ್ಚಿದ ಕಬ್ಬಿಣದ ಕೊಳವೆಗಳಲ್ಲಿ. ಒಂದು ಕೊಳವೆಯ ಮೇಲೆ ಶ್ರೀಪ್ರಿಯಾ ಕೆಂಪು ಗುರುತು ಹಾಕಿದ್ದಳು. "ಇದು ನಾಲ್ಕು ಮೀಟರ್ ಕೆಳಗಿಂದು ಅಕ್ಕಾ. ಮೇಲೆ ಗಟ್ಟಿ, ಇಲ್ಲಿ ಬಂದ್ರೆ ಬೆಣ್ಣೆ ಥರ. ಹಳೇ ಕೆರೆ ಹೊಟ್ಟೆ ಇದು, ನಂಗೆ ಚೆನ್ನಾಗಿ ಗೊತ್ತಾಯ್ತು. ಆ ಆಳದಲ್ಲಿ ಸಿಕ್ಕಿದ್ದು ಇದೊಂದೇ ಕೊಳವೆ. ಸಾರ್ ಹೇಳಿದ್ರು, ಓವನ್ ನಂಬರ್ ಬಂದ್ಮೇಲೆ ಡಿಸೈಡ್ ಮಾಡೋಣ, ತಳಪಾಯ ಮೇಲೇ ನಿಲ್ಸೋದಾ, ಆಳಕ್ಕೆ ಇಳಿಸೋದಾ ಅಂತ." ಹಲಗೆಯ ಮೇಲೆ ಮೂವತ್ತೆಂಟು ಎಂದು ಬರೆದಳು.

ವಂದನಾ ಕೊಳವೆಯ ಅಂಚಿನಿಂದ ಒಂದು ಚೂರು ತೆಗೆದು ಹಿಸುಕಿದಳು. ಬೆರಳು ಮೂವತ್ತೇಳೋ ಮೂವತ್ತೆಂಟೋ ಎಂದಿತು. ಆದರೆ ಆ ಹುಡುಗಿಯ ಅಂಕಿಯ ಪಕ್ಕ ಅದೇ ಅಂಕಿ ಬರೆಯಲು ಕೈ ಏಳಲಿಲ್ಲ. ಮೂವತ್ತನಾಲ್ಕು ಎಂದು ಬರೆದಳು.

ಊಟದ ಹೊತ್ತಿಗೆ ಅಪ್ಪನ ಫೋನು ಬಂತು. ಕೈ ಮೊಸರನ್ನವಾಗಿದ್ದರಿಂದ ವಂದನಾ ಸ್ಪೀಕರ್ ಒತ್ತಿದಳು. ಎದುರಿಗಿದ್ದ ಶ್ರೀಪ್ರಿಯಾಳ ಮುಖ ಅರಳಿತು. "ಅಕ್ಕಾ, ಅಪ್ಪಾನಾ? ಪ್ಲೀಸ್ ಅಕ್ಕಾ, ಒಂದೇ ಒಂದು ಕೇಳ್ತೀನಿ" ಎಂದವಳೇ ಫೋನಿಗೆ ಬಗ್ಗಿ, "ತಾತಾ, ನಮಸ್ಕಾರ! ಮಣ್ಣು ಬಾಯಲ್ಲಿ ಹಾಕಿ ಹೇಗೆ ಹೇಳ್ತೀರಿ ನೀವು?" ಎಂದು ಕೇಳಿಬಿಟ್ಟಳು.

ಹನುಮಂತಯ್ಯನವರ ಗಂಟಲು ಬಿಚ್ಚಿತು.

"ಯಾರ ಮಗಳವ್ವ ನೀನು? ಇದ ಕೇಳೋರೇ ಇರ್ಲಿಲ್ವಲ್ಲ ಇಷ್ಟು ದಿನ! ನೋಡವ್ವ, ಮಣ್ಣ ನಾಲಿಗೆ ಮೇಲೆ ಮಡಗಬಾರ್ದು. ಮುಂದಲ ಹಲ್ಲಿಗೆ ಕೊಡಬೇಕು. ಕರ್ ಅಂತು ಅಂದ್ರೆ ಮರಳು. ಹಿಟ್ಟಿನಂಗೆ ಸಣ್ಣಗೆ ಉಜ್ಜಿದ್ರೆ ಗೋಡು. ಸದ್ದೇ ಮಾಡ್ದೆ ಹಲ್ಲಿಗೆ ಮೆತ್ಕಂಡ್ರೆ ಜೇಡಿ. ಆಮೇಲೆ ಕಣ್ಮುಚ್ಚಿ ವಾಸನೆ ಎಳ್ಕೋ..."

ಇಪ್ಪತ್ತು ನಿಮಿಷ ಹೇಳಿದರು. ಶ್ರೀಪ್ರಿಯಾ ಊಟ ಬಿಟ್ಟು, "ಅಪ್ಪುಡಿಯಾ ತಾತಾ? ಸಪ್ಪೆ ಇದ್ರೆ? ಉಪ್ಪುಪ್ಪು ಅನ್ಸಿದ್ರೆ?" ಎಂದು ಕೇಳುತ್ತಲೇ ಇದ್ದಳು. ಕೊನೆಗೆ ಹನುಮಂತಯ್ಯ, "ನಿಂಗೆ ಮಣ್ಣಿನ ಋಣ ಅದೆ ಕಣವ್ವ. ನನ್ನ ಮಗನ ಬಾಯಿಗೆ ಮಡಗ್ದೆ, ಉಗುದ್ಬುಟ್ಟ. ನಮ್ಮ ವಂದನಾಗೆ ಇದೆಲ್ಲ ಗೊತ್ತಿಲ್ಲ, ಪಾಪ, ಅವಳು ಓದೋ ಹುಡುಗಿ" ಎಂದರು.

ಶ್ರೀಪ್ರಿಯಾ ತಲೆಯೆತ್ತಿ ವಂದನಾಳನ್ನು ನೋಡಿದಳು. ಆ ಕಣ್ಣಲ್ಲಿ ಕುಹಕ ಕಂಡಿದ್ದರೆ ಜಗಳವಾಡಬಹುದಿತ್ತು, ಕಂಡದ್ದು ಮರುಕ. ಕೂಡಲೇ ಹುಡುಗಿ, "ತಾತಾಗೆ ವಯಸ್ಸಾಯ್ತು, ಮರೆತುಹೋಗಿರುತ್ತೆ ಅಲ್ವಾ ಅಕ್ಕಾ" ಎಂದು ಡಬ್ಬಿ ಮುಚ್ಚಿ, ಬದರಿನಾಥರು ಕರೆದರೆಂದು ಎದ್ದುಹೋದಳು.

ವಂದನಾ ಕೈ ತೊಳೆದು ಒಳಗೆ ಬಂದಳು. ಅಪ್ಪ ನಲವತ್ತು ವರ್ಷ ಕಟ್ಟಿಟ್ಟಿದ್ದನ್ನು ಒಂದು ಫೋನಿನಲ್ಲಿ, ಮುಖ ಕಾಣದವಳಿಗೆ ಸುರಿದುಬಿಟ್ಟಿದ್ದರು. ಕೆಂಪು ಗುರುತಿನ ಕೊಳವೆಯಿಂದ ಮಣ್ಣು ಹೊರದೂಡಿದಳು. ಬೆಣ್ಣೆಯ ಹಾಗೆಯೇ ಇತ್ತು. ಚೂರು ತೆಗೆದು ಕೂಡಲೇ ತೂಕ ಹಾಕಬೇಕು, ಒಂದು ನಿಮಿಷವೂ ಗಾಳಿಗೆ ಬಿಡಬಾರದು. ಹೊಸಬರಿಗೆ ಅವಳೇ ಹೇಳಿಕೊಡುತ್ತಿದ್ದ ಪಾಠ ಇದು. ಅವಳು ಚಾಕುವಿನಿಂದ ಅದನ್ನು ಹಪ್ಪಳದಂತೆ ತೆಳ್ಳಗೆ ಸೀಳಿ, ತಟ್ಟೆಯಲ್ಲಿ ಹರಡಿ, ಮೇಲಿನ ಫ್ಯಾನನ್ನು ಐದಕ್ಕೆ ತಿರುಗಿಸಿ ಹೊರಗೆ ಹೋಗಿ ನಿಂತಳು. ಏಪ್ರಿಲ್ ತಿಂಗಳ ಗಿಂಡಿ. ಒಂದೂವರೆ ಗಂಟೆ ನಿಂತಳು. ಒಳಗೆ ಬಂದಾಗ ಸೀಳುಗಳ ಅಂಚು ಬೆಳ್ಳಗೆ ಮಡಚಿತ್ತು. ಅವನ್ನು ಒತ್ತಿ ಉಂಡೆ ಮಾಡಿ, ತೂಗಿ, ಓವನ್ನಿಗಿಟ್ಟಳು.

ಶುಕ್ರವಾರ ಮಧ್ಯಾಹ್ನ ಓವನ್ನು ಮೂವತ್ತಮೂರೂಮುಕ್ಕಾಲು ಎಂದಿತು.

"ಅಯ್ಯಯ್ಯೋ, ಕೈ ಅಂದ್ರೆ ವಂದನಾ ಕೈ!" ಬದರಿನಾಥರು ಅವಳ ಹೆಸರಿಗೆ ದೊಡ್ಡದೊಂದು ಸುತ್ತು ಎಳೆದರು. "ನೋಡಮ್ಮಾ ಶ್ರೀಪ್ರಿಯಾ, ಸೈಟಲ್ಲಿ ಸುಮ್ನೆ ಹೆದರಿಸಿಬಿಟ್ಟಿ ನಮ್ಮನ್ನ. ಇಷ್ಟು ನೀರಾದ್ರೆ ತಾಳುತ್ತೆ. ತಳಪಾಯ ಮೇಲೇ ನಿಲ್ಸಬಹುದು. ಯಂತ್ರದವನಿಗೆ ಹೇಳ್ಬಿಡ್ತೀನಿ, ನಾಳೆ ಬೆಳಿಗ್ಗೆ ಬಿಚ್ಚಿಕೊಂಡು ಹೋಗ್ಲಿ."

ನಿಜ ಹೇಳಬೇಕೆಂದರೆ ಆ ಸುತ್ತನ್ನು ನೋಡಿದಾಗ ವಂದನಾಳಿಗೆ ಸುಖವಾಯಿತು. ಸುಳ್ಳು ಸುತ್ತು ಎಂದು ಗೊತ್ತಿದ್ದೂ, ಬಿಸಿ ಕಾಫಿ ಇಳಿದಂತೆ ಎದೆಯಲ್ಲಿ ಇಳಿಯಿತು. ಕೈ ತೊಳೆಯಲು ಹಿತ್ತಲ ನಲ್ಲಿಗೆ ಹೋದಾಗಲೂ ಆ ಬಿಸಿ ಇತ್ತು.

ನಲ್ಲಿಯ ಹತ್ತಿರ ಶ್ರೀಪ್ರಿಯಾ ಇದ್ದಳು. ಸೋಪು ಹಾಕಿ, ತೊಳೆದು, ಮತ್ತೆ ಸೋಪು ಹಾಕುತ್ತಿದ್ದಳು.

"ನಿಮ್ಮದೇ ಸರಿ ಅಕ್ಕಾ" ಎಂದಳು, ತಿರುಗದೆ. "ಮೊನ್ನೆ ಆ ಮಣ್ಣು ಕೈಗೆ ಬಂದಾಗ, ಅವಳು ಒಳಗೆ ತುಂಬ ದಿನದಿಂದ ಒದ್ದೆ ಬಟ್ಟೇಲಿ ಕೂತಿದ್ದಾಳೆ ಅನ್ನೋ ಹಾಗಿತ್ತು. ಅಷ್ಟು ಸ್ಪಷ್ಟ. ಅದೇ ಸುಳ್ಳು ಅಂದ್ರೆ, ಇಷ್ಟು ದಿನ ನಂಗೆ ಅನ್ಸಿದ್ದೆಲ್ಲಾ ಏನು? ಭ್ರಮೆ. ಅಮ್ಮ ಹೇಳ್ತಾನೇ ಇದ್ದಳು, ನಿಂಗೆ ಮಂಡೆ ಸರಿಯಿಲ್ಲೆ ಅಂತ."

"ಒಂದು ಸಲ ತಪ್ಪಾದ್ರೆ ಏನಾಯ್ತಮ್ಮ..."

"ಇಲ್ಲೆ ಅಕ್ಕಾ. ಇನ್ಮೇಲೆ ನಾನು ಬೋರ್ಡಲ್ಲಿ ಬರಿಯಲ್ಲ. ಮಣ್ಣೂ ಒಯ್ಯಲ್ಲ ಮನೆಗೆ." ಅವಳು ಉಗುರಿನ ಸಂದಿಯ ಮಣ್ಣನ್ನು ಕಡ್ಡಿಯಿಂದ ತೆಗೆಯುತ್ತಿದ್ದಳು, ಏನೋ ಹೊಲಸು ತೆಗೆಯುವವಳ ಹಾಗೆ.

ಬೇಕಾಗಿದ್ದುದು ಇದೇ ಅಲ್ಲವೇ? ವಂದನಾ ತನ್ನನ್ನೇ ಕೇಳಿಕೊಂಡಳು. ಆ ಕೈ ಮಣ್ಣು ಬಿಡಬೇಕು ಎಂದೇ ಅಲ್ಲವೇ ಫ್ಯಾನು ತಿರುಗಿಸಿದ್ದು? ಬಿಟ್ಟಿತಲ್ಲ. ಅದು ತನ್ನ ಕೈಗೇನೂ ಬರಲಿಲ್ಲ. ಬದುವಿನ ಮೇಲೆ ಈಗ ಇಬ್ಬರು ನಿಂತ ಹಾಗಾಯಿತು, ಅಷ್ಟೇ.

ಹಾಗೆಂದು ಅವಳು ಕೂಡಲೇ ಹೋಗಿ ಹೇಳಲಿಲ್ಲ. ತನ್ನ ಮೇಜಿಗೆ ಬಂದು ಕೂತು, ಒಂದು ಅಂಕಿಯಿಂದ ಏನು ಆಗುತ್ತದೆ ಎಂದು ವಾದಿಸಿಕೊಂಡಳು. ಕಟ್ಟುವವರು ಹೇಗೂ ಸ್ವಲ್ಪ ಹೆಚ್ಚೇ ಕಬ್ಬಿಣ ಹಾಕುತ್ತಾರೆ ಎಂದುಕೊಂಡಳು. ಎರಡು ಬೀದಿ ಆಚೆ, ಹಳೆಯ ಕೆರೆಯ ಮೇಲೆ, ನಾಲ್ಕು ಅಂತಸ್ತು. ಮೇಲಿನ ಮಹಡಿಯಲ್ಲಿ ಯಾರೋ ಮಂಚದಿಂದ ಕಾಲಿಡುತ್ತಾರೆ. ಮೂರು ವರ್ಷಕ್ಕೋ ಐದು ವರ್ಷಕ್ಕೋ ಗೋಡೆಯಲ್ಲಿ ಒಂದು ಗೆರೆ. ಪ್ರತಿದಿನ ಹಾಲಿಗೆ ಹೋಗುವಾಗ ಆ ಗೋಡೆಯ ಮುಂದೆಯೇ ತಾನು ಹಾಯಬೇಕು. ಐದು ಗಂಟೆಗೆ ಬದರಿನಾಥರು ಯಂತ್ರದವನಿಗೆ ಫೋನು ಮಾಡಲು ಕನ್ನಡಕ ಹುಡುಕುತ್ತಿದ್ದಾಗ ಅವಳು ಎದ್ದು ಅವರ ಕೋಣೆಗೆ ಹೋದಳು.

"ಸಾರ್, ಮಾಧವರಂ ನಂಬರು ತಪ್ಪು. ಮಣ್ಣು ಫ್ಯಾನಿನ ಕೆಳಗೆ ಒಣಗಿತ್ತು. ಒಂದೂವರೆ ಗಂಟೆ."

ಬದರಿನಾಥರು ಫೋನು ಕೆಳಗಿಟ್ಟರು. "ಮರೆತುಬಿಟ್ಟಿಯಾ?"

ಅವಳು ಕಾಗದಗಳ ಅಡಿಯಲ್ಲಿದ್ದ ಕನ್ನಡಕ ತೆಗೆದು ಅವರ ಮುಂದಿಟ್ಟಳು.

"ಮರೆತೆ ಅನ್ನಮ್ಮಾ" ಎಂದರು ಅವರು, ತಗ್ಗಿದ ದನಿಯಲ್ಲಿ. "ಆರು ವರ್ಷದಲ್ಲಿ ಒಂದು ಸಲ ಮರೆಯೋದು ತಪ್ಪಲ್ಲ."

"ಮರೀಲಿಲ್ಲ ಸಾರ್. ಬೇಕಂತ್ಲೇ ಬಿಟ್ಟೆ. ಅವಳ ಕೈ ಸುಳ್ಳಾಗ್ಲಿ ಅಂತ." ಹೇಳತೊಡಗಿದ ಮೇಲೆ ನಿಲ್ಲಿಸಲಾಗಲಿಲ್ಲ. "ನಮ್ಮಪ್ಪ ನಂಗೇನೂ ಕಲ್ಸಿಲ್ಲ ಸಾರ್. ಅದೂ ಸುಳ್ಳೇ."

ಬಾಗಿಲಲ್ಲಿ ಶ್ರೀಪ್ರಿಯಾ ಚೀಲ ಹೆಗಲಿಗೆ ಹಾಕಿಕೊಂಡು, ಹೋಗಿಬರುತ್ತೇನೆ ಎಂದು ಹೇಳಲು ಬಂದು ನಿಂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು. ವಂದನಾ ತಿರುಗಿ ನೋಡುವಷ್ಟರಲ್ಲಿ ಅವಳು ಹೋಗಿಯಾಗಿತ್ತು.

ಬದರಿನಾಥರು ಬಯ್ಯಲಿಲ್ಲ. ಯಂತ್ರದವನಿಗೆ ಫೋನು ಮಾಡಿ, ನಾಳೆ ಪಕ್ಕದಲ್ಲೇ ಇನ್ನೊಂದು ಕಡೆ ಕೊರೆಯಬೇಕು, ಖರ್ಚು ಲ್ಯಾಬಿನದು ಎಂದರು. ಆಮೇಲೆ ಹೊರಗೆ ಹೋಗಿ, ಹಲಗೆಯ ಮೇಲಿನ ಸುತ್ತನ್ನು ಕೈಯಲ್ಲೇ ಒರೆಸಿದರು. "ನಾಳೆ ನೀನೂ ಬಾ" ಎಂದರು. "ಕೊಳವೆಗೆ ಮೇಣ ಹಾಕೋಕೆ ಒಬ್ರು ಬೇಕು."

ಶನಿವಾರ ಏಳೂವರೆಗೇ ಬಿಸಿಲು ಚುರುಗುಟ್ಟುತ್ತಿತ್ತು. ಯಂತ್ರದವರಲ್ಲಿ ಹಿರಿಯವನು ಕೊರೆಯುವ ಜಾಗದಲ್ಲಿ ಕರ್ಪೂರ ಹಚ್ಚಿ, ನಿಂಬೆಹಣ್ಣು ಹಿಂಡಿ, ಭೂಮಿಯ ಅಪ್ಪಣೆ ಕೇಳಿಕೊಂಡ. ಶ್ರೀಪ್ರಿಯಾ ಬಂದಿದ್ದಳು. ವಂದನಾಳ ಕಡೆ ನೋಡಲಿಲ್ಲ. ನಾಲ್ಕು ಮೀಟರಿಗೆ ಇಳಿದ ಕೊಳವೆ ಮೇಲೆ ಬಂದಾಗ, ಎಲ್ಲರೂ ಅವಳಿಗೆ ದಾರಿ ಬಿಟ್ಟರು. ಅವಳು ಸ್ವಲ್ಪ ಹೊತ್ತು ಕೈಕಟ್ಟಿಕೊಂಡೇ ನಿಂತಿದ್ದಳು. ಆಮೇಲೆ ಬಗ್ಗಿ, ಒಂದು ಬೆರಳಿನಿಂದ, ನೋಯುತ್ತದೇನೋ ಎಂಬಂತೆ ಮುಟ್ಟಿದಳು. ಬೆರಳು ಅಲ್ಲೇ ನಿಂತಿತು. ಆಮೇಲೆ ಪೂರ್ತಿ ಕೈ ಇಟ್ಟಳು.

ಬಾಣಲೆಯಲ್ಲಿ ಮೇಣ ಕರಗಿಸುತ್ತಿದ್ದ ವಂದನಾ ಅದನ್ನು ನೋಡಿದಳು. ಹೊಟ್ಟೆಯಲ್ಲಿ ಅದೇ ಕಿಡಿ, ಅದೇ ಜಾಗದಲ್ಲಿ. ತಪ್ಪೊಪ್ಪಿಕೊಂಡರೆ ಅದು ಆರುತ್ತದೆ ಎಂದು ಅವಳು ನಂಬಿದ್ದಳು. ಆರಿರಲಿಲ್ಲ.

"ಎಷ್ಟು ಅಂತೀಯಮ್ಮಾ?" ವಂದನಾಳ ಬಾಯಿಂದ ತಾನಾಗಿ ಬಂತು.

"ಓವನ್ ಹೇಳುತ್ತೆ ಮೇಡಂ" ಎಂದಳು ಶ್ರೀಪ್ರಿಯಾ. ಅಕ್ಕಾ ಎನ್ನಲಿಲ್ಲ. ಜೇಬಿನಿಂದ ಚೀಟಿ ತೆಗೆದು, ಅಂಗೈ ಮರೆಮಾಡಿ ಒಂದು ಅಂಕಿ ಬರೆದು, ಮಡಚಿ ಬದರಿನಾಥರ ಕೈಗೆ ಕೊಟ್ಟಳು.

ಬದರಿನಾಥರು ಚೀಟಿಯನ್ನು ಬಿಚ್ಚದೆ ಜೇಬಿಗಿಟ್ಟು, ಕೊಳವೆಯ ತುದಿಯಿಂದ ಒಂದು ತುಂಡು ಮಣ್ಣು ಕಿತ್ತು ವಂದನಾಳ ಅಂಗೈಗೆ ಹಾಕಿದರು. "ನೀನು ಹೇಳು."

ಅದು ತಣ್ಣಗಿತ್ತು. ಹೊರಗಿನ ಬಿಸಿಲಿಗೆ ಸಂಬಂಧವೇ ಇಲ್ಲದಷ್ಟು ತಣ್ಣಗೆ. ಅವಳು ಬೆರಳು ಮಡಚಿ ಹಿಸುಕಿದಳು. ಆರು ವರ್ಷ ಬಾಯಿಪಾಠ ಮಾಡಿದ ಅಂಕಿಗಳೆಲ್ಲ ಒಂದೊಂದಾಗಿ ಬಂದು ನಿಂತವು. ಮೂವತ್ತೇಳು, ಮೂವತ್ತೆಂಟು, ನಲವತ್ತು. ಇವುಗಳಲ್ಲಿ ಯಾವುದು ಬೆರಳು ಹೇಳಿದ್ದು, ಯಾವುದು ಆ ಮಡಚಿದ ಚೀಟಿಯನ್ನು ಊಹಿಸಿ ತಾನೇ ತಂದುಕೊಂಡದ್ದು, ಬೇರೆ ಮಾಡಲಾಗಲಿಲ್ಲ. ಯಂತ್ರದವರು, ಬದರಿನಾಥರು, ಶ್ರೀಪ್ರಿಯಾ, ಎಲ್ಲ ಕಾಯುತ್ತಿದ್ದರು.

"ನಂಗೆ ಗೊತ್ತಾಗ್ತಿಲ್ಲ ಸಾರ್" ಎಂದಳು ವಂದನಾ.

ಈ ಮಾತನ್ನು ಮಣ್ಣಿನ ಎದುರು ಅವಳು ಒಂದು ಸಲವೂ ಆಡಿರಲಿಲ್ಲ. ಬದರಿನಾಥರು ತಲೆಯಾಡಿಸಿದರು. ಶ್ರೀಪ್ರಿಯಾ ಮೊದಲ ಬಾರಿಗೆ ಅವಳ ಕಡೆ ನೋಡಿದಳು, ಸಿಟ್ಟು ಹಾಗೇ ಇತ್ತು. ಆಮೇಲೆ ಮೇಣ ಆರುತ್ತದೆಂದು ಯಾರೋ ತಮಿಳಿನಲ್ಲಿ ಕೂಗಿದರು. ವಂದನಾ ಬಾಣಲೆಯ ಕಡೆ ಓಡಿದಳು. ಮೇಣ ಸುರಿಯಲು ಎರಡೂ ಕೈ ಬೇಕಿತ್ತು. ಎಡಗೈಯ ಮಣ್ಣನ್ನು ಎಲ್ಲಿಡಬೇಕೆಂದು ತೋಚದೆ, ಅದನ್ನು ಹಿಡಿದುಕೊಂಡೇ, ಬಲಗೈಯೊಂದರಲ್ಲೇ ಮೇಣ ಸುರಿದು ಕೊಳವೆಯ ಬಾಯಿ ಮುಚ್ಚತೊಡಗಿದಳು.